ತಗಚಿಯ ಪಕ್ಕದ ಗಿಡ

ಮುಂಗಾರಿನ ಎರಡು ಹದ ಮಳೆಯಾಗಿ ಹತ್ತು ಹದಿನೈದು ದಿನ ಕಳೆದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯ ಹೊಲದ ಬದುವಿನಲ್ಲಿ, ದಾರಿಯ ಎರಡೂ ಮಗ್ಗುಲಲ್ಲಿ, ಬಿದ್ದ ಗೋಡೆಗಳ ಬುಡದಲ್ಲಿ ತಗಚಿ ಏಳುತ್ತದೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ. ಅದರ ಎಳೆಯ ಕುಡಿ ಚಿವುಟಿ ತಂದು, ಕುದಿಸಿ, ಬೇಳೆ ಬೆಳ್ಳುಳ್ಳಿ ಹಾಕಿದರೆ ಒಂದು ಹೊತ್ತಿನ ರೊಟ್ಟಿಗೆ ಪಲ್ಯವಾಯಿತು. ಕರಾವಳಿಯವರು ಇದನ್ನೇ ತಜಂಕ್ ಎಂದು ಆಟಿ ತಿಂಗಳಲ್ಲಿ ತಿನ್ನುತ್ತಾರೆ, ಮಹಾರಾಷ್ಟ್ರದವರು ಟಾಕಳಾ ಎಂದು ಮಾರುಕಟ್ಟೆಯಲ್ಲಿ ಸೂಡು ಕಟ್ಟಿ ಮಾರುತ್ತಾರೆ. ಅದೇ ಬದುವಿನಲ್ಲಿ, ಎಷ್ಟೋ ಸಲ ಒಂದು ಮಾರು ದೂರದಲ್ಲಿ, ಅದೇ ಕುಲದ ಇನ್ನೊಂದು ಗಿಡ ನಿಂತಿರುತ್ತದೆ. ಅದಕ್ಕೂ ಹಳದಿ ಹೂ, ಅದಕ್ಕೂ ಜೋಡಿ ಜೋಡಿ ಎಲೆ, ಅದಕ್ಕೂ ಕೋಡಿನಂಥ ಕಾಯಿ. ದೊಡ್ಡ ತಗಚಿ ಎಂದು ಕರೆಯುವುದುಂಟು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮೊದಲಿನದು ಸೆನ್ನಾ ಟೋರಾ, ಎರಡನೆಯದು ಸೆನ್ನಾ ಆಕ್ಸಿಡೆಂಟಾಲಿಸ್. ಈ ಎರಡನೆಯದರ ಬೀಜ ತಿಂದು ಉತ್ತರ ಪ್ರದೇಶದಲ್ಲಿ, ಒಡಿಶಾದಲ್ಲಿ ಮಕ್ಕಳು ಸತ್ತಿದ್ದಾರೆ. ಕಾಡುಗಿಡಗಳಲ್ಲಿ ತಿನ್ನುವುದು ಯಾವುದು, ತಿನ್ನಬಾರದ್ದು ಯಾವುದು ಎಂದು ಕೇಳಿದವರಿಗೆ ನಾವು ಸಾಮಾನ್ಯವಾಗಿ ಒಂದೆರಡು ಸೂತ್ರ ಹೇಳಿ ಕಳಿಸುತ್ತೇವೆ. ನನ್ನ ವಾದ ಬೇರೆ. ಗಿಡದ ಗುರುತು ನಾವು ತಿನ್ನುವ ಭಾಗದಲ್ಲಿ ಇರುವುದು ಕಡಿಮೆ, ತಿನ್ನದ ಭಾಗದಲ್ಲಿ ಇರುವುದೇ ಹೆಚ್ಚು. ಆದ್ದರಿಂದ ಗಿಡವನ್ನು ಇಡಿಯಾಗಿ, ಅದು ನಿಂತ ನೆಲದಲ್ಲೇ, ಅದನ್ನು ಹೋಲುವ ಜೋಡಿಯ ಜೊತೆಗೇ ಕಲಿಯಬೇಕು. ಬಿಡಿ ಎಲೆ ನೋಡಿ ಕಲಿತದ್ದು, ಬಿಡಿ ಸೂತ್ರ ಕೇಳಿ ಕಲಿತದ್ದು ಆಪತ್ತಿನ ಹೊತ್ತಿಗೆ ಕೈಕೊಡುತ್ತದೆ.

ಎರಡು ತಗಚಿಗಳನ್ನೇ ಪಕ್ಕಪಕ್ಕ ಇಟ್ಟು ನೋಡಬೇಕು. ತಿನ್ನುವ ತಗಚಿಗೆ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ ಮೂರೇ ಜೊತೆ ಎಲೆ. ಒಂದೊಂದು ಎಲೆಯೂ ಬುಡದಲ್ಲಿ ಕಿರಿದು, ತುದಿಯ ಕಡೆಗೆ ಅಗಲ, ತುದಿ ದುಂಡು. ಹೊತ್ತು ಮುಳುಗಿದರೆ ಎಲೆಗಳು ಜೊತೆಜೊತೆಯಾಗಿ ಮಡಚಿಕೊಳ್ಳುತ್ತವೆ. ಕೆಳಗಿನ ಎಲೆಜೊತೆಯ ನಡುವೆ, ಕಡ್ಡಿಯ ಮೇಲೆ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಂಥ ಸಣ್ಣ ಮೊನೆಯೊಂದು ಎದ್ದು ನಿಂತಿರುತ್ತದೆ, ಅದೊಂದು ಗ್ರಂಥಿ. ಕಾಯಿ ಬಲು ತೆಳು, ಉದ್ದ, ಕುಡುಗೋಲಿನಂತೆ ಬಾಗಿದ್ದು. ದೊಡ್ಡ ತಗಚಿಗೆ ನಾಲ್ಕರಿಂದ ಆರು ಜೊತೆ ಎಲೆ, ಎಲೆಯ ತುದಿ ಚೂಪು. ಗ್ರಂಥಿ ಎಲೆಗಳ ನಡುವೆ ಇರುವುದಿಲ್ಲ, ಎಲೆಕಡ್ಡಿ ಕಾಂಡಕ್ಕೆ ಅಂಟಿಕೊಳ್ಳುವ ಬುಡದಲ್ಲಿ ಕಪ್ಪು ಬೊಟ್ಟಾಗಿ ಇರುತ್ತದೆ. ಎಲೆ ಹೊಸಕಿದರೆ ಮೂಗು ತಿರುಗಿಸುವಷ್ಟು ವಾಸನೆ. ಕಾಯಿ ಚಪ್ಪಟೆ, ಗಿಡ್ಡ, ಬಲಿತಾಗ ನಡುವೆ ಕಂದು, ಅಂಚಿನಲ್ಲಿ ತಿಳಿಬಣ್ಣ. ಈಗ ಈ ಗುರುತುಗಳಲ್ಲಿ ಎಷ್ಟು ಅಡುಗೆಮನೆಯ ತನಕ ಬರುತ್ತವೆ ಎಂದು ಕೇಳಿಕೊಳ್ಳಿ. ಸೋಸುವಾಗ ಎಲೆಯನ್ನು ಕಡ್ಡಿಯಿಂದ ಬಿಡಿಸುತ್ತೇವೆ; ಅಲ್ಲಿಗೆ ಎಷ್ಟು ಜೊತೆ ಎಂಬ ಲೆಕ್ಕ ಹೋಯಿತು, ಗ್ರಂಥಿ ಕಸದ ಜೊತೆ ಹೋಯಿತು. ಕಾಯಿಯಂತೂ ಎಳೆಯ ಗಿಡದಲ್ಲಿ ಹುಟ್ಟಿಯೇ ಇರುವುದಿಲ್ಲ. ಉಳಿಯುವುದು ಎಲೆಯ ತುದಿ ದುಂಡೋ ಚೂಪೋ ಎಂಬುದೊಂದೇ. ಅಷ್ಟನ್ನೇ ನಂಬಿ ಒಂದು ಬುಟ್ಟಿ ಸೊಪ್ಪನ್ನು ಒಲೆಗೆ ಏರಿಸುವುದು ಸರಿಯಲ್ಲ. ಗುರುತು ಹಿಡಿಯುವ ಕೆಲಸ ಬುಡದಲ್ಲಿ, ಬದುವಿನಲ್ಲೇ ಮುಗಿಯಬೇಕು.

ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ವರ್ಷವರ್ಷವೂ ಮಳೆಗಾಲ ಮುಗಿದ ಮೇಲೆ ಸಣ್ಣ ಮಕ್ಕಳು ವಾಂತಿ ಮಾಡಿಕೊಂಡು, ಎಚ್ಚರ ತಪ್ಪಿ, ಎರಡು ಮೂರು ದಿನಗಳಲ್ಲಿ ಸಾಯುತ್ತಿದ್ದವು. ಇದು ಮೆದುಳು ಜ್ವರ, ಯಾವುದೋ ವೈರಸ್ಸಿನದು ಎಂದೇ ಬಹಳ ಕಾಲ ನಂಬಲಾಗಿತ್ತು. ಬಿಜನೌರಿನ ಮಕ್ಕಳ ವೈದ್ಯ ವಿಪಿನ್ ವಶಿಷ್ಠ ಮತ್ತು ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಇದರ ಬೆನ್ನು ಹತ್ತಿದರು. ಸತ್ತ ಮಕ್ಕಳಲ್ಲಿ ಮೆದುಳಿನ ಜೊತೆಗೆ ಯಕೃತ್ತೂ ಸ್ನಾಯುಗಳೂ ಕೆಟ್ಟಿದ್ದವು. ವೈರಸ್ ಜ್ವರದ ಲಕ್ಷಣ ಅದಲ್ಲ. ಮಕ್ಕಳು ಆಟವಾಡುತ್ತ ದೊಡ್ಡ ತಗಚಿಯ ಕಾಯಿ ಬಿಡಿಸಿ ಬೀಜ ತಿಂದದ್ದೇ ಕಾರಣ ಎಂದು ಅವರು 2007ರ ಸುಮಾರಿಗೆ ತೋರಿಸಿಕೊಟ್ಟರು. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿಯಲ್ಲಿ ನೂರರ ಹತ್ತಿರ ಬುಡಕಟ್ಟು ಮಕ್ಕಳು ಸತ್ತಾಗಲೂ, ಜಪಾನೀಸ್ ಎನ್ಸೆಫಲೈಟಿಸ್ ಜೊತೆಗೆ ಇದೇ ಬೀಜದ ವಿಷವೂ ಪಾಲುದಾರ ಎಂದು ಜಾನ್ ಅವರ ತಂಡ ಹೇಳಿತು. ಈ ಪ್ರಕರಣ ನನ್ನ ಮನಸ್ಸನ್ನು ಬಿಡದೆ ಕಾಡುವುದಕ್ಕೆ ಕಾರಣವಿದೆ. ಗಿಡ ಊರವರಿಗೆ ಹೊಸದಾಗಿರಲಿಲ್ಲ, ದಿನಾ ಕಣ್ಣೆದುರಿಗೆ ಇದ್ದದ್ದು. ಅದನ್ನು ಔಷಧಿಗೂ ಬಳಸುತ್ತಿದ್ದರು. ಆದರೂ ಗಿಡಕ್ಕೂ ಸಾವಿಗೂ ಇರುವ ನಂಟು ಯಾರಿಗೂ ಹೊಳೆದಿರಲಿಲ್ಲ. ತಿಂದ ಕೂಡಲೇ ನಾಲಿಗೆ ಸುಟ್ಟು ಹೊಟ್ಟೆ ಹಿಂಡುವ ವಿಷವನ್ನು ಜನ ಬೇಗ ಗುರುತಿಸುತ್ತಾರೆ, ಮುಂದಿನ ಪೀಳಿಗೆಗೆ ಹೇಳಿಯೂ ಹೋಗುತ್ತಾರೆ. ದಿನ ಬಿಟ್ಟು ಕೊಲ್ಲುವ ವಿಷ ಜ್ವರದ ಹೆಸರಿನಲ್ಲಿ ಅಡಗಿಕೊಳ್ಳುತ್ತದೆ. ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು, ಹೊಸದಾಗಿ ಕಲಿಯುವುದೇನೂ ಇಲ್ಲ ಎನ್ನುವವರು ಈ ಮಕ್ಕಳ ಕಡೆ ಒಮ್ಮೆ ನೋಡಬೇಕು.

ಹಾಗೆಂದು ಹಿರಿಯರ ತಿಳಿವನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಆ ತಿಳಿವು ನಾವು ತಿಳಿದಂಥದ್ದಲ್ಲ ಎಂಬುದಷ್ಟೇ ನನ್ನ ಮಾತು. ಹಕ್ಕರಕಿ, ಕಿರಕಸಾಲಿ, ಗೋಣಿ, ಅಣ್ಣೆ, ಹೊನಗೊನೆ ಎಂದು ಸಾಲಾಗಿ ಹೆಸರು ಹೇಳುವ ಹೆಂಗಸಿಗೆ ಇರುವುದು ಬರೀ ಹೆಸರುಗಳ ಪಟ್ಟಿಯಲ್ಲ. ಒಣಬೇಸಾಯದ ಹೊಲದಲ್ಲಿ ಕಸ ತೆಗೆಯುವವಳು ಆಕೆ. ಬಿತ್ತಿ ಇಪ್ಪತ್ತು ದಿನಕ್ಕೆ ಒಮ್ಮೆ, ಎಡೆ ಹೊಡೆದ ಮೇಲೆ ಇನ್ನೊಮ್ಮೆ, ತೆನೆ ಬರುವ ಮುಂಚೆ ಮತ್ತೊಮ್ಮೆ ಅದೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಸರಿಯುತ್ತಾಳೆ. ಎರಡೆಲೆಯ ಮೊಳಕೆಯಾಗಿದ್ದಾಗ ಕಂಡ ಗಿಡವನ್ನೇ ಹೂವಾಗಿದ್ದಾಗ ಕಾಣುತ್ತಾಳೆ, ಕೊಯ್ಲಿನಲ್ಲಿ ಬೀಜ ಉದುರಿಸುವಾಗಲೂ ಕಾಣುತ್ತಾಳೆ. ಎಳೆಯದಿದ್ದಾಗ ತಿನ್ನುವ ಸೊಪ್ಪಿಗೆ ಹೂವಿಲ್ಲ, ಕಾಯಿಲ್ಲ. ಪುಸ್ತಕದವರಿಗೆ ಬೇಕಾದ ಗುರುತುಗಳಾವುವೂ ಇಲ್ಲ. ಆದರೂ ಆಕೆ ತಪ್ಪುವುದಿಲ್ಲ. ಹೋದ ವರ್ಷ ಈ ಮೊಳಕೆ ಮುಂದೆ ಏನಾಯಿತು ಎಂಬುದನ್ನು ಆಕೆ ನೋಡಿದ್ದಾಳೆ. ಯಾವ ಕರಿನೆಲದ ತಗ್ಗಿನಲ್ಲಿ ಯಾವುದು ಏಳುತ್ತದೆ, ಮಸಾರಿಯಲ್ಲಿ ಯಾವುದು, ತಿಪ್ಪೆಯ ಮಗ್ಗುಲಲ್ಲಿ ಯಾವುದು ಎಂಬುದು ಕೈಗೆ ಗೊತ್ತಿದೆ. ಗಿಡದ ಒಂದು ವರ್ಷದ ಪೂರ್ತಿ ಬಾಳನ್ನು ಬಲ್ಲವರಿಗೆ ಮಾತ್ರ ಅದರ ಎಳೆತನದ ಮುಖ ಗುರುತಾಗುತ್ತದೆ. ಬುಟ್ಟಿಯಲ್ಲಿ ತಂದ ಎಲೆಯನ್ನು ಮನೆಯಲ್ಲಿ ಕೂತು ನೋಡಿ ಕಲಿತವರಿಗೆ ಈ ಬಲ ಬರುವುದಿಲ್ಲ.

ಇನ್ನು ಸೂತ್ರಗಳು. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಕಹಿಯಾದದ್ದು ವಿಷ ಎಂಬುದು. ಕೊಪ್ಪಳದ ಸಂತೆಗೆ ಬರುವ ಕರ್ಚಿಕಾಯಿ ಸಾಕು ಇದನ್ನು ಸುಳ್ಳು ಮಾಡಲು. ಕರಿನೆಲದಲ್ಲಿ, ಭೂಮಿಯೊಳಗಿನ ಗಡ್ಡೆಯಿಂದ ಮಳೆಗಾಲಕ್ಕೆ ಬಳ್ಳಿ ಚಿಗುರಿ ಬಿಡುವ ಗೀರುಗೀರಿನ ಪುಟ್ಟ ಕಾಯಿ ಅದು. ಕಹಿ ಅದರ ಗುಣವೇ. ಹಾಗಲವೂ ಕಹಿ, ಮೆಂತ್ಯವೂ ಕಹಿ. ಅದೇ ಕರ್ಚಿಕಾಯಿಯ ಗಡ್ಡೆಯನ್ನು ಹಳ್ಳಿಗಳಲ್ಲಿ ಗರ್ಭ ಇಳಿಸಲು ಬಳಸುತ್ತಿದ್ದರು ಎಂಬುದು ಬೇರೆಯೇ ಎಚ್ಚರಿಕೆ: ಕಾಯಿ ತಿನಿಸು, ಗಡ್ಡೆ ಅಪಾಯ, ಬಳ್ಳಿ ಒಂದೇ. ಇನ್ನೊಂದು ಕಡೆ ಅಡವಿ ಹರಳಿದೆ, ಜತ್ರೋಪಾ ಎಂದು ಬಯೋಡೀಸೆಲ್ಲಿನ ಉತ್ಸಾಹದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಬದುಗಳಿಗೆ ಹಚ್ಚಿಸಿದ್ದು, ಬೇಲಿಗಂತೂ ಅದಕ್ಕೂ ಮೊದಲಿನಿಂದ ಇದ್ದದ್ದು. ಅದರ ಬೀಜ ಕಹಿಯಲ್ಲ, ಶೇಂಗಾದಂತೆ ರುಚಿಯಾಗಿರುತ್ತದೆ. ರುಚಿಯಾಗಿರುವುದರಿಂದಲೇ ಶಾಲೆಯ ಹಿಂದಿನ ಬೇಲಿಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹಂಚಿಕೊಂಡು ತಿನ್ನುತ್ತಾರೆ, ಕೆಲವೇ ತಾಸಿನಲ್ಲಿ ಹಿಂಡುಗಟ್ಟಲೆ ವಾಂತಿಭೇದಿಯಿಂದ ಆಸ್ಪತ್ರೆ ಸೇರುತ್ತಾರೆ. ದೇಶದ ಒಂದಲ್ಲ ಒಂದು ಮೂಲೆಯಿಂದ ಪದೇ ಪದೇ ಬರುವ ಸುದ್ದಿ ಇದು. ಕಹಿಯ ಸೂತ್ರಕ್ಕೆ ಒಂದೇ ಒಂದು ಜಾಗದಲ್ಲಿ ಬೆಲೆಯಿದೆ, ಅದನ್ನು ಬಿಟ್ಟುಕೊಡಬಾರದು. ಕಹಿ ಇರಬಾರದ ಕಾಯಿ ಕಹಿಯಾಗಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಸೋರೆಕಾಯಿ ರಸ ಕುಡಿದು ಸಾವು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಿತು. ಕಹಿಯಾದ ಸೋರೆಯ ರಸವನ್ನು ಕುಡಿಯಲೇಬಾರದು ಎಂಬುದು ಅದರ ಸಲಹೆ. ಕಾರಣ ಕುಕುರ್ಬಿಟಾಸಿನ್ ಎಂಬ ಕಹಿವಸ್ತು. ಹೊಲದಲ್ಲಿ ತಾನಾಗಿ ಹಬ್ಬುವ ಹಾವುಮೆಕ್ಕೆಯಲ್ಲಿ ಅದು ತುಂಬಿಕೊಂಡಿರುತ್ತದೆ. ಅಂದರೆ ಕಹಿ ಏನು ಹೇಳುತ್ತಿದೆ ಎಂದು ತಿಳಿಯಲು ಕೈಯಲ್ಲಿರುವ ಕಾಯಿ ಯಾವುದೆಂದು ಮೊದಲೇ ಗೊತ್ತಿರಬೇಕು. ಸೂತ್ರ ಗುರುತಿನ ಹಿಂದೆ ಬರುತ್ತದೆ, ಮುಂದೆ ಬರುವುದಿಲ್ಲ.

ಬಿಳಿ ಹಾಲು ಬರುವ ಗಿಡ ಮುಟ್ಟಬೇಡ ಎಂಬುದೂ ಹೀಗೆಯೇ. ಎಕ್ಕದ ಹಾಲು, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಎಲ್ಲರೂ ಬಲ್ಲರು. ಆದರೆ ಹಕ್ಕರಕಿಯ ಎಲೆ ಮುರಿದರೂ ಬಿಳಿ ಹಾಲೇ ಒಸರುತ್ತದೆ, ಆ ಹಕ್ಕರಕಿಯನ್ನು ಈ ಸೀಮೆಯವರು ಬೇಯಿಸದೆ ಹಸಿಯಾಗಿ ರೊಟ್ಟಿಯ ಜೊತೆ ತಿನ್ನುತ್ತಾರೆ.

ದನ, ಮೇಕೆ, ಹಕ್ಕಿ ತಿಂದದ್ದನ್ನು ಮನುಷ್ಯ ತಿನ್ನಬಹುದು ಎನ್ನುವವರಿಗೂ ಉತ್ತರ ನಮ್ಮ ಸುತ್ತಲೇ ಇದೆ. ತುಂಗಭದ್ರೆಯಾಚೆಯ ದರೋಜಿಯ ಕರಡಿಗಳಿಗೂ ಆನೆಗೊಂದಿಯ ಗುಡ್ಡಗಳ ಕರಡಿಗಳಿಗೂ ಕಕ್ಕೆಕಾಯಿಯ ತಿರುಳು ಇಷ್ಟದ ಮೇವು. ಅದನ್ನು ಮನುಷ್ಯ ಹೊಟ್ಟೆ ತುಂಬ ತಿಂದರೆ ಭೇದಿ ಹಿಡಿಯುತ್ತದೆ. ಎರಿ ರೇಷ್ಮೆಹುಳು ಹರಳಿನ ಎಲೆ ತಿಂದೇ ಬದುಕುತ್ತದೆ. ಕೆಲವು ಮೊಲಗಳ ರಕ್ತದಲ್ಲಿ ಅಟ್ರೋಪಿನ್ ಎಂಬ ಗಿಡದ ವಿಷವನ್ನು ಮುರಿಯುವ ಕಿಣ್ವವಿದೆ, ನಮ್ಮಲ್ಲಿ ಇಲ್ಲ. ಈ ವಾದವನ್ನು ತಿರುಗಿಸಿದರೂ ನಿಲ್ಲುವುದಿಲ್ಲ. ಈ ಸೀಮೆಯ ಜನರ ಅನ್ನವೇ ಆದ ಜೋಳವನ್ನು ತೆಗೆದುಕೊಳ್ಳಿ. ಎಳೆಯ ಜೋಳದಲ್ಲಿ, ಮಳೆ ಕೈಕೊಟ್ಟು ಕುಂಟಿದ ಜೋಳದಲ್ಲಿ, ಕೊಯ್ದ ಮೇಲೆ ಬುಡದಿಂದ ಮತ್ತೆ ಒಡೆದ ಚಿಗುರಿನಲ್ಲಿ ಧುರ್ರಿನ್ ಎಂಬ ವಸ್ತು ಹೆಚ್ಚಿರುತ್ತದೆ. ದನದ ಹೊಟ್ಟೆಯಲ್ಲಿ ಅದು ಸಯನೈಡ್ ಬಿಡುತ್ತದೆ. ಬರದ ವರ್ಷ ಹಸಿರು ಕಂಡು ನುಗ್ಗಿದ ಎತ್ತು ಗಳಿಗೆ ಹೊತ್ತಿನಲ್ಲಿ ಬಿದ್ದು ಒದ್ದಾಡುವುದು ಇದರಿಂದ. ಬಲಿತ ಮೇಲೆ ಅದೇ ದಂಟು ವರ್ಷವಿಡೀ ಮೇವು, ಅದೇ ಗಿಡದ ಕಾಳು ನಮ್ಮ ರೊಟ್ಟಿ. ಸೀತಾಫಲದ ತಿರುಳು ಹಣ್ಣು, ಬೀಜದ ಪುಡಿ ಹೇನಿನ ಔಷಧಿ, ಕಣ್ಣಿಗೆ ತಗುಲಿದರೆ ಕಣ್ಣುಗುಡ್ಡೆಗೇ ಹುಣ್ಣು. ತಿನ್ನುವ ಗಿಡ, ವಿಷದ ಗಿಡ ಎಂದು ಎರಡು ಗುಂಪು ಮಾಡಿ ನಿಶ್ಚಿಂತೆಯಿಂದ ಕೂರಲು ಗಿಡಗಳು ಬಿಡುವುದಿಲ್ಲ. ಯಾವ ಗಿಡ ಎಂಬುದಾದ ಮೇಲೆ ಯಾವ ಭಾಗ, ಎಷ್ಟು ಬಲಿತದ್ದು, ಯಾವ ಹಂಗಾಮಿನದು ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ.

ಕುದಿಸಿ ನೀರು ಚೆಲ್ಲಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ಇವೆಲ್ಲಕ್ಕಿಂತ ಅಪಾಯದ್ದು, ಅರ್ಧ ನಿಜವಾಗಿರುವುದರಿಂದ. ಗುಲಗಂಜಿಯ ಬೀಜದ ಅಬ್ರಿನ್ ಪ್ರೋಟೀನು, ಕುದಿತಕ್ಕೆ ಕೆಡುತ್ತದೆ. ದತ್ತೂರಿಯ ವಿಷ ಹಾಗೆ ಕೆಡುವುದಿಲ್ಲ. ಅಗ್ನಿಶಿಖೆಯ ಗಡ್ಡೆಯ ಕಾಲ್ಚಿಸಿನ್ ಸಹ ಕುದಿತಕ್ಕೆ ಬಗ್ಗುವುದಿಲ್ಲ. ಶ್ರಾವಣ ಭಾದ್ರಪದದಲ್ಲಿ ಬೇಲಿಗಳ ಮೇಲೆ, ಕಲ್ಲುಗುಡ್ಡದ ಪೊದೆಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಹೂ ಬಿಡುವ ಬಳ್ಳಿ ಅದು. ಅದರ ಎಲೆಯ ತುದಿಯೇ ಸುರುಳಿಯಾಗಿ ಸುತ್ತಿಕೊಂಡು ಆಸರೆ ಹಿಡಿಯುತ್ತದೆ. ಅಂಥ ಎಲೆ ಇರುವ ಬಳ್ಳಿ ನಮ್ಮ ಬೇಲಿಗಳಲ್ಲಿ ಬೇರೆ ಇಲ್ಲ. ಗೆಣಸಿನ ಬಳ್ಳಿಯ ಹೃದಯದಾಕಾರದ ಎಲೆಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ. ಹಾಗಿದ್ದೂ ಭಾರತದಲ್ಲೂ ಶ್ರೀಲಂಕಾದಲ್ಲೂ ಗೆಣಸೆಂದು ತಿಳಿದು ಇದರ ಗಡ್ಡೆ ಬೇಯಿಸಿ ತಿಂದು ಸತ್ತವರಿದ್ದಾರೆ, ಬದುಕಿದವರು ವಾರಗಳ ನಂತರ ತಲೆಗೂದಲು ಪೂರ್ತಿ ಉದುರಿ ನರಳಿದ ದಾಖಲೆಯಿದೆ. ಬೇಸಿಗೆಯಲ್ಲಿ ಬಳ್ಳಿ ಒಣಗಿ ಮಾಯವಾಗುತ್ತದೆ, ನೆಲದೊಳಗೆ ಗಡ್ಡೆ ಒಂದೇ ಉಳಿಯುತ್ತದೆ. ಕಂದು ಸಿಪ್ಪೆ, ಒಳಗೆ ಬಿಳಿ. ಎಲೆ, ಹೂ ಎರಡೂ ಇಲ್ಲದ ಹೊತ್ತಿನಲ್ಲಿ ಗಡ್ಡೆಯೊಂದನ್ನೇ ಅಗೆದು ತೆಗೆದವರಿಗೆ ಗುರುತು ಹೇಳುವಂಥದ್ದು ಅಲ್ಲಿ ಏನೂ ಉಳಿದಿರುವುದಿಲ್ಲ. ತಿನ್ನದ ಭಾಗವೇ ಸಾಕ್ಷಿ ಎಂಬ ನನ್ನ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಹೂವಿದ್ದ ಕಾಲದಲ್ಲಿ ಆ ಜಾಗ ನೋಡಿಟ್ಟುಕೊಂಡವರು ಮಾತ್ರ ಬೇಸಿಗೆಯಲ್ಲಿ ಅಲ್ಲಿ ಗುದ್ದಲಿ ಹಾಕಬೇಕು.

ಬೇಲಿಯ ಮೇಲಿನ ಇನ್ನೊಂದು ಜೋಡಿಯನ್ನು ಮಕ್ಕಳಿಗೆ ತೋರಿಸಲೇಬೇಕು: ಕಾಡು ತೊಂಡೆ ಮತ್ತು ಲಿಂಗತೊಂಡೆ. ತೊಂಡೆಯ ಹಣ್ಣು ಕೆಂಪಗೆ ಹಣ್ಣಾದಾಗ ಮಕ್ಕಳು ಕಿತ್ತು ತಿನ್ನುತ್ತಾರೆ, ಗಿಳಿಯೂ ತಿನ್ನುತ್ತದೆ. ಲಿಂಗತೊಂಡೆಯ ಹಣ್ಣೂ ಕೆಂಪೇ, ಅದು ವಿಷದ್ದು. ಬಿಳಿ ಗೀರು ಇರುವುದನ್ನು ಬಿಡು, ಇಲ್ಲದ್ದನ್ನು ತಿನ್ನು ಎಂದು ಹೇಳಿಕೊಡುವುದು ಸುಲಭ, ಹಣ್ಣಾದ ಮೇಲೆ ಆ ಮಾತು ನಿಜವೂ ಹೌದು. ಆದರೆ ಕಾಯಿ ಹಸಿರಿರುವಾಗ ಗೀರು ಎರಡಕ್ಕೂ ಇರುತ್ತದೆ. ಪಲ್ಯಕ್ಕೆ ಬೇಕಾದದ್ದು ಹಸಿರು ಕಾಯಿಯೇ. ಆಗ ಬಳ್ಳಿಯನ್ನು ನೋಡಬೇಕಾಗುತ್ತದೆ. ತೊಂಡೆಯ ಹೂ ದೊಡ್ಡದು, ಬಿಳಿಯದು, ಐದು ಎಸಳಿನ ನಕ್ಷತ್ರ. ಲಿಂಗತೊಂಡೆಯದು ತೀರ ಚಿಕ್ಕದು, ಹಳದಿ ಮಿಶ್ರಿತ ಹಸಿರು. ತೊಂಡೆಯ ಎಲೆ ನುಣುಪು, ಅಂಚು ಅಷ್ಟಾಗಿ ಸೀಳಿರುವುದಿಲ್ಲ. ಲಿಂಗತೊಂಡೆಯದು ಅಂಗೈ ಬೆರಳು ಬಿಡಿಸಿದಂತೆ ಐದಾಗಿ ಆಳಕ್ಕೆ ಸೀಳಿ, ಮುಟ್ಟಿದರೆ ಒರಟು. ತೊಂಡೆಯ ಹಂಬು ಒಂಟಿ ಎಳೆ, ಲಿಂಗತೊಂಡೆಯದು ತುದಿಯಲ್ಲಿ ಎರಡಾಗಿ ಕವಲೊಡೆದದ್ದು. ತೊಂಡೆ ಉದ್ದಕ್ಕೆ ಒಂದೊಂದಾಗಿ ತೂಗುತ್ತದೆ, ಲಿಂಗತೊಂಡೆ ಗುಂಡಗೆ ಎರಡು ಮೂರು ಕೂಡಿ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಬೇಲಿಯ ಎದುರು ಹತ್ತು ನಿಮಿಷ ನಿಂತರೆ ಆರು ವರ್ಷದ ಮಗುವಿಗೂ ಇಷ್ಟು ತಿಳಿಯುತ್ತದೆ. ಜನ್ಮವಿಡೀ ಮರೆಯುವುದಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ತೋರಿಸದಿದ್ದರೆ ಮಾತ್ರ ಕಲಿತದ್ದು ಅರ್ಧವಾಗುತ್ತದೆ, ಆ ಅರ್ಧ ತಿಳಿವು ಏನೂ ತಿಳಿಯದಿರುವುದಕ್ಕಿಂತ ಕೆಟ್ಟದ್ದು. ಏನೂ ತಿಳಿಯದ ಮಗು ಕೈ ಚಾಚಲು ಹೆದರುತ್ತದೆ, ಅರ್ಧ ತಿಳಿದದ್ದು ಧೈರ್ಯವಾಗಿ ಚಾಚುತ್ತದೆ.

ಗಂಗಾವತಿಯ ಕಡೆಗೆ ಇಳಿದರೆ ಮಾತು ಬದಲಾಗುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯಕ್ಕೆ ನೀರು ನಿಂತು ಎಡದಂಡೆ ಕಾಲುವೆ ಹರಿದ ಮೇಲೆ ಜೋಳದ ನೆಲ ಭತ್ತದ ನೆಲವಾಯಿತು, ಬದುವಿನ ಗಿಡಗಳೂ ಬದಲಾದವು. ಕಾಲುವೆಯ ದಂಡೆಗೆ ಹೊನಗೊನೆ ಸೊಂಪಾಗಿ ಬೆಳೆಯುತ್ತದೆ, ಕಣ್ಣಿಗೆ ಒಳ್ಳೆಯದೆಂದು ಜನ ಅದನ್ನು ಹುಡುಕಿ ಕೊಯ್ಯುತ್ತಾರೆ. ಅದೇ ಕುಲದ, ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ ಎಂಬ ಇನ್ನೊಂದು ಗಿಡ ಕರ್ನಾಟಕದ ಕೆರೆಗಳನ್ನು ಹೊಕ್ಕಿದೆ. ಕೊಳಚೆ ನೀರಿನ ಭಾರಲೋಹಗಳನ್ನು ಹೀರಿಕೊಂಡು ಅದು ಕೊಬ್ಬುತ್ತದೆ. ಎರಡರ ಎಲೆಯನ್ನು ಬೇರೆಮಾಡಿ ಹೇಳುವುದು ಕಷ್ಟ. ಹೊನಗೊನೆಯ ಬಿಳಿ ಹೂಗೊಂಚಲು ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಕೂತಿರುತ್ತದೆ, ಆ ಕಳೆಯದು ಉದ್ದ ತೊಟ್ಟಿನ ಮೇಲೆ ಎದ್ದು ನಿಂತಿರುತ್ತದೆ. ಇಷ್ಟೇ ನಂಬತಕ್ಕ ಗುರುತು. ಆಸ್ಟ್ರೇಲಿಯಾಕ್ಕೆ ಹೋದ ಶ್ರೀಲಂಕಾದ ಕುಟುಂಬಗಳು ತಮ್ಮ ಊರಿನ ಹೊನಗೊನೆಯೆಂದೇ ನಂಬಿ ಈ ಕಳೆಯನ್ನು ಹಿತ್ತಲಲ್ಲಿ ಬೆಳೆಸಿ ತಿನ್ನುತ್ತಿದ್ದದ್ದು 1990ರ ದಶಕದಲ್ಲಿ ಗೊತ್ತಾಯಿತು. ಹುಟ್ಟಿನಿಂದ ತಿಂದ ಸೊಪ್ಪನ್ನೇ ಜನ ತಪ್ಪಿ ಗುರುತಿಸಿದ್ದರು, ಬೇರೆ ನೆಲಕ್ಕೆ ಹೋದ 'ಕಣ್ಣಿನ ಅಭ್ಯಾಸ' ಹಳೆಯ ನೆಲದ್ದೇ ಆಗಿತ್ತು. ಕೊಪ್ಪಳದಲ್ಲಿ ನಾವು ಬೇರೆ ನೆಲಕ್ಕೆ ಹೋಗಿಲ್ಲ, ನೆಲವೇ ನಮ್ಮ ಕಾಲ ಕೆಳಗೆ ಬದಲಾಗಿದೆ. ಪಾಪಸುಕಳ್ಳಿ, ಕಾಂಗ್ರೆಸ್ ಗಿಡ, ಅಡವಿ ಹರಳು, ಅರಿಸಿನ ದತ್ತೂರಿ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಅರಿಸಿನ ದತ್ತೂರಿಯ ಬೀಜ ಸಾಸಿವೆಯನ್ನು ಎಷ್ಟು ಹೋಲುತ್ತದೆ ಎಂದರೆ ಅದರ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ 1998ರಲ್ಲಿ ದೆಹಲಿಯಲ್ಲಿ ಸಾವಿರಾರು ಜನ ಮೈ ಬಾತು ಆಸ್ಪತ್ರೆ ಸೇರಿದರು, 60ರಷ್ಟು ಜನ ಸತ್ತರು. ಗಿಡ ನಿಂತಿರುವಾಗ ಸಾಸಿವೆಗೂ ಅದಕ್ಕೂ ಕುರುಡನೂ ವ್ಯತ್ಯಾಸ ಹೇಳಬಲ್ಲ. ಅರಿಸಿನ ದತ್ತೂರಿಯ ಮೈತುಂಬ ಮುಳ್ಳು. ಬೀಜವಾಗಿ ಚೀಲ ಸೇರಿದ ಮೇಲೆ ಕಣ್ಣಿದ್ದವನೂ ಸೋಲುತ್ತಾನೆ.

ಇಷ್ಟೆಲ್ಲ ಅಪಾಯವಿದ್ದರೆ ಕಾಡುಸೊಪ್ಪಿನ ಗೊಡವೆಯೇ ಬೇಡ, ಪಾಲಕ್ ಮೆಂತೆ ಸಂತೆಯಲ್ಲಿ ಸಿಗುತ್ತವಲ್ಲ ಎಂದು ಕೇಳಬಹುದು. ಗಂಭೀರವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಆದರೆ ಉತ್ತರ ಪ್ರದೇಶದ, ಮಲ್ಕಾನ್‌ಗಿರಿಯ ಮಕ್ಕಳು ಕಾಡುಸೊಪ್ಪು ಹುಡುಕಿಕೊಂಡು ಹೋದವರಲ್ಲ. ಅಡವಿ ಹರಳು ತಿಂದ ಶಾಲಾ ಮಕ್ಕಳೂ ಅಲ್ಲ. ದೊಡ್ಡವರು ತಿನ್ನುವುದನ್ನು ಬಿಟ್ಟ ಮಾತ್ರಕ್ಕೆ ಮಕ್ಕಳು ಬಾಯಿಗೆ ಹಾಕಿಕೊಳ್ಳುವುದನ್ನು ಬಿಡುವುದಿಲ್ಲ. ದೊಡ್ಡವರು ಬಿಟ್ಟರೆ ಹೇಳಿಕೊಡುವವರೇ ಇಲ್ಲವಾಗುತ್ತಾರೆ, ಅಷ್ಟೇ. ಸಂತೆಯ ಸೊಪ್ಪು ಪೂರ್ತಿ ನಿರಪಾಯ ಎಂಬುದೂ ನಿಲ್ಲುವ ಮಾತಲ್ಲ. 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಪೊಟ್ಟಣ ಕಟ್ಟಿ ಮಾರಿದ ಪಾಲಕ್ ತಿಂದು ನೂರಕ್ಕೂ ಹೆಚ್ಚು ಜನ ಭ್ರಮೆ ಹಿಡಿದು, ಕಣ್ಣು ಮಂಜಾಗಿ, ಎದೆಬಡಿತ ಏರಿ ಒದ್ದಾಡಿದರು. ಪಾಲಕ್ ನಡುವೆ ಬೆಳೆದಿದ್ದ ದತ್ತೂರಿಯ ಎಳೆಯ ಎಲೆ ಕೊಯ್ಲಿನಲ್ಲಿ ಸೇರಿಹೋಗಿತ್ತು. 2019ರಲ್ಲಿ ಉಗಾಂಡಾದಲ್ಲಿ ಪರಿಹಾರವಾಗಿ ಹಂಚಿದ ಪೌಷ್ಟಿಕ ಹಿಟ್ಟಿನಲ್ಲಿ ದತ್ತೂರಿಯ ವಿಷ ಬೆರೆತು ಸುಮಾರು 300 ಜನ ಅಸ್ವಸ್ಥರಾದರು, ಐದು ಜನ ಸತ್ತರು. ಎರಡೂ ಕಡೆ ಇಲ್ಲದೆಹೋದದ್ದು ಒಂದೇ: ಸಾಲಿನಲ್ಲಿ ಕೂತು ಇದು ಬೆಳೆಯಲ್ಲ ಎಂದು ಕಿತ್ತು ಎಸೆಯುವ ಕಣ್ಣು. ಇನ್ನು ಫೋನಿನಲ್ಲಿ ಫೋಟೊ ತೆಗೆದು ಹೆಸರು ಕೇಳಿದರಾಯಿತು ಎನ್ನುವವರಿಗೆ: ಅದು ಒಳ್ಳೆಯ ಆರಂಭ, ಬಳಸಬೇಕು. ಆದರೆ ದೊಡ್ಡ ತಗಚಿಯ ಎಲೆಕಡ್ಡಿಯ ಬುಡದ ಕಪ್ಪು ಬೊಟ್ಟನ್ನು ನಾವೇ ಹುಡುಕಿ ಫೋಟೊದಲ್ಲಿ ಹಿಡಿಯದಿದ್ದರೆ ಫೋನಿಗೆ ಅದು ಕಾಣುವುದಿಲ್ಲ. ಎಲ್ಲಿ ನೋಡಬೇಕೆಂದು ಗೊತ್ತಿರುವವರಿಗೇ ಅದು ಸಹಾಯಕ್ಕೆ ಬರುತ್ತದೆ.

ಕಸ ತೆಗೆಯುವ ಕೆಲಸ ಈ ಜಿಲ್ಲೆಯಲ್ಲಿ ಕಡಿಮೆಯಾಗುತ್ತಿದೆ. ಭತ್ತದ ಗದ್ದೆಗೆ ಕಳೆನಾಶಕ ಮೊದಲು ಬಂತು, ಈಗ ಮಸಾರಿಯ ಮೆಕ್ಕೆಜೋಳಕ್ಕೂ ಬಂದಿದೆ. ಕೂಲಿ ಸಿಗದ ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಬಿಸಿಲಲ್ಲಿ ದಿನವಿಡೀ ಕುಕ್ಕರುಗಾಲಲ್ಲಿ ಕೂರುವ ಹೆಂಗಸಿನ ಬೆನ್ನುನೋವನ್ನು ಪರಂಪರೆಯೆಂದು ಹೊಗಳುವುದಂತೂ ಇನ್ನೂ ಅನ್ಯಾಯ. ಆದರೆ ಆಕೆಯ ಜೊತೆಗೇ ಗಿಡದ ಪೂರ್ತಿ ಬಾಳನ್ನು ಕಂಡ ಕಣ್ಣೂ ಹೋಗುತ್ತಿದೆ ಎಂಬುದನ್ನು ಒಪ್ಪಿಕೊಂಡು ಏನಾದರೂ ಮಾಡಬೇಕು. ಕಳೆನಾಶಕ ಸಿಂಪಡಿಸಿದ ಬದುವಿನಲ್ಲಿ ಕೊಯ್ದ ಸರಿಯಾದ ಸೊಪ್ಪು ಸಹ ತಿನ್ನತಕ್ಕದ್ದಲ್ಲ ಎಂಬ ಹೊಸ ಪಾಠವನ್ನೂ ಸೇರಿಸಿಕೊಳ್ಳಬೇಕು. ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದನ್ನು ಮುಗಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿತ್ತು. ಗಡುವಿನ ಅವಸರದಲ್ಲಿ ತುಂಬಿದ ದಾಖಲಾತಿಯಲ್ಲಿ ಗಿಡದ ಹೆಸರು, ಉಪಯೋಗ ಇಷ್ಟೇ ಬರೆದು ಮುಂದೆ ಹೋಗುವುದು ಸಹಜ. ಜಿಲ್ಲೆಯ ಎಲ್ಲ ತಾಲ್ಲೂಕುಗಳ ಪಂಚಾಯಿತಿಗಳು ಆ ಪುಸ್ತಕವನ್ನು ಮತ್ತೆ ತೆರೆದು ಪ್ರತಿ ತಿನ್ನುವ ಗಿಡದ ಮುಂದೆ ಇನ್ನೊಂದು ಅಂಕಣ ಗೆರೆ ಎಳೆಯಲಿ: ಇದನ್ನು ಹೋಲುವ, ತಿನ್ನಬಾರದ ಗಿಡ ಯಾವುದು, ನಮ್ಮೂರಿನಲ್ಲಿ ಅದು ಎಲ್ಲಿದೆ, ತಿನ್ನದ ಯಾವ ಭಾಗ ನೋಡಿ ಬೇರೆ ಮಾಡಬೇಕು. ಅದನ್ನು ತುಂಬಲು ಇನ್ನೂ ಕಸ ತೆಗೆಯುತ್ತಿರುವ ಹೆಂಗಸರನ್ನು ಕರೆದು, ಅವರ ಆ ದಿನದ ಕೂಲಿ ಕೊಟ್ಟು, ಮಳೆಗಾಲದಲ್ಲಿ ಒಮ್ಮೆ, ಕಾಯಿ ಬಲಿತಾಗ ಒಮ್ಮೆ ಬದುವಿನ ಮೇಲೆ ಶಾಲೆಯ ಮಕ್ಕಳ ಜೊತೆ ನಡೆಸಲಿ. ಕೊಪ್ಪಳದ ಮೊದಲ ಪುಟಕ್ಕೆ ತಗಚಿಯನ್ನೇ ತೆಗೆದುಕೊಳ್ಳಬಹುದು: ಮೂರು ಜೊತೆ ಎಲೆ, ದುಂಡು ತುದಿ, ಮೊನೆ ಎಲೆಗಳ ನಡುವೆ, ಕಾಯಿ ತೆಳು. ಎದುರಿನ ಅಂಕಣದಲ್ಲಿ ದೊಡ್ಡ ತಗಚಿ: ನಾಲ್ಕರಿಂದ ಆರು ಜೊತೆ, ಚೂಪು ತುದಿ, ಬುಡದಲ್ಲಿ ಕಪ್ಪು ಬೊಟ್ಟು, ಕಾಯಿ ಚಪ್ಪಟೆ, ಬೀಜ ಮಕ್ಕಳ ಬಾಯಿಗೆ ಹೋಗಬಾರದು. ಅದರ ಕೆಳಗೆ ಶಾಲೆಯ ಹಿಂದೆ ಅದರ ಎಷ್ಟು ಗಿಡ ಇವೆ, ಕಾಯಿ ಬಲಿಯುವ ಮುಂಚೆ ಯಾರು ಕಿತ್ತುಹಾಕಬೇಕು ಎಂಬುದನ್ನೂ ಬರೆದಿಡಬೇಕು.